ಬಿಸಿ ಕೊಳವೆಯ ಮೇಲಿನ ಹಪ್ಪಳ

ಊರಿಗೆ ಊರೇ ಹಡಗಿಗೆ ಬಂದು ನೆಲೆಸಿದ ಮೇಲೆ, ಕೆಳ ಅಂತಸ್ತಿನ ನಮಗೆ ಬಿಸಿಲೆಂಬುದಿಲ್ಲ. ಅತ್ತೆ ಹಸಿ ಹಪ್ಪಳಗಳನ್ನು ಅಡುಗೆಮನೆಯ ಬಿಸಿ ಉಗಿಕೊಳವೆಯ ಮೇಲೆ ಒಣಹಾಕಿದ್ದರು. ಕೊಳವೆ ಪರೀಕ್ಷಿಸುವ ಕೆಲಸ ನನ್ನದೇ. ಉಪ್ಪು ತಗುಲಿದರೆ ಬಣ್ಣ ಬದಲಿಸುವ ಬಿಳಿ ಪರೀಕ್ಷಾ ಕಾಗದವನ್ನು ಕೊಳವೆಗೆ ಒತ್ತಿದೆ; ನೇರಳೆಯಾಯಿತು. ಹಪ್ಪಳದ ಉಪ್ಪು!

“ಅತ್ತೆ, ಉಪ್ಪು ಕೂತರೆ ಉಕ್ಕು ಒಳಗೊಳಗೇ ಬಿರುಕು ಬಿಡ್ತದೆ. ಮಧ್ಯಾಹ್ನ ತಪಾಸಣೆಗೆ ಮೇಲಧಿಕಾರಿಗಳು ಬಂದು ನೋಡಿದ್ರೆ ನಮ್ಮ ಅಡುಗೆಮನೆಗೇ ಬೀಗ.”

“ನಲ್ವತ್ತು ವರ್ಷ ನಾನೂ ಒಳಗೊಳಗೇ ಬಿರುಕು ಬಿಟ್ಟೆ ಮಾರಾಯ್ತಿ. ನನಗೆ ಯಾರು ಕಾಗದ ಒತ್ತಿ ನೋಡಿದ್ದು?”

ನನಗೆ ನಗು ಬಂತು. ಹಪ್ಪಳಗಳನ್ನು ಎತ್ತಿಟ್ಟೆ. ಇಬ್ಬರ ಸ್ನಾನದ ಪಾಲಿನ ಸಿಹಿನೀರನ್ನೆಲ್ಲ ಸುರಿದು ಕೊಳವೆ ತಿಕ್ಕಿದೆವು. ಹೊಸ ಕಾಗದ ಬಿಳಿಯಾಗಿಯೇ ಉಳಿಯಿತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ನನ್ನೆದುರು ಕೂತರು. “ಇನ್ನು ನೀನು ಹೇಳು ಸುಗಂಧಿ, ನಿನಗೆ ಎಲ್ಲೆಲ್ಲಿ ಬಿರುಕು?”