ಬೆರಳಷ್ಟು ಸಂದು

ಬಬಲೇಶ್ವರದ ಮಣ್ಣಿನ ಮಾಳಿಗೆ ಮನೆಯೊಂದರ ಪಡಸಾಲೆಯಿಂದ ಐದು ಕಂಬಗಳನ್ನು, ಟೇಕಾ ಎಂಬ ಆಸರೆಯ ಕಟ್ಟಿಗೆ ಕೊಟ್ಟು ಮೇಲಿನಿಂದ ಹಿಡಿ ಮಣ್ಣೂ ಉದುರದಂತೆ, ದಿನಕ್ಕೊಂದರಂತೆ ತೆಗೆದವನೆಂದು ಮನೆ ಕಟ್ಟುವ ಗೌಂಡಿ ಗೊಲ್ಲಾಳಪ್ಪನಿಗೆ ನಲವತ್ತೈದು ವರ್ಷಗಳ ಹಿಂದೆ ಹೆಸರು ಬಂದಿತ್ತು. ಆರನೆಯದನ್ನು ಅವನು ಮುಟ್ಟಲಿಲ್ಲ. ಅದರ ತಲೆಗೂ ತೊಲೆಗೂ ನಡುವೆ ಬೆರಳು ತೂರುವಷ್ಟು ಸಂದಿತ್ತು. ಏನನ್ನೂ ಹೊರದ ಕಂಬವನ್ನು ಏಕೆ ಉಳಿಸುವೆಯೆಂದು ಮನೆಯವರು ನಕ್ಕರು. ಆ ಶ್ರಾವಣದಲ್ಲಿ ಮೂರು ದಿನ ಮಳೆ ಹಿಡಿಯಿತು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು; ತೊಲೆ ಒಂದು ಬೆರಳು ಕೆಳಗಿಳಿದು ಆ ಕಂಬದ ತಲೆಯ ಮೇಲೆ ಕುಳಿತಿತು. ಮನೆ ಉಳಿಯಿತು.

ಭಾನುವಾರ ಮುಂಜಾನೆ, ಜಲನಗರದ ಮನೆಯಲ್ಲಿ, ಅವನು ಈ ಕಥೆಯನ್ನು ಮತ್ತೆ ತೆಗೆದಾಗ ಮೊಮ್ಮಗಳು ದಾನೇಶ್ವರಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ.

“ನೂರ ಸಲ ಕೇಳೇನಿ ಮುತ್ಯಾ. ಈಗ ಸುಮ್ಕ ಕುಂಡ್ರು. ನಾಳೆ ಹೊನವಾಡ ಸಾಲ್ಯಾಗ ಎಂಬತ್ತ ಹುಡುಗರ ಕಿವಿ ನೋಡಬೇಕು. ಇದು ನೋಡಿದ್ರ ಉಸರ ಬಿಡವಲ್ದು.”

ದಾನೇಶ್ವರಿ ಕಿವಿಯ ದವಾಖಾನೆಯೊಂದರಲ್ಲಿ ಪರೀಕ್ಷಕಿ. ಅಲ್ಲಿ ಹಿಂದೆ ಇದ್ದ ನೌಕರನೊಬ್ಬ ಆ ಲ್ಯಾಪ್‌ಟಾಪಿನ ವಿಂಡೋಸನ್ನು ತನ್ನಿಚ್ಛೆಯಂತೆ ಕತ್ತರಿಸಿ ಜೋಡಿಸಿದ್ದ. ಊರಿನ ಪ್ರಿಂಟರು, ಕ್ಯಾಮೆರಾಗಳನ್ನೆಲ್ಲ ಕಂಪ್ಯೂಟರು ಗುರುತಿಸಿ ನಡೆಸಲು ಬೇಕಾದ ಡ್ರೈವರ್‌ಗಳನ್ನು ಅದರಲ್ಲಿ ತುಂಬಿದ್ದ. ತಪ್ಪಿದರೆ ಹಿಂದಿನ ಸ್ಥಿತಿಗೆ ಮರಳಿಸುವ ಸೌಲಭ್ಯವನ್ನು ಮಾತ್ರ ಕಿತ್ತುಹಾಕಿದ್ದ. ಬೇಡವಾದ ಡ್ರೈವರ್‌ಗಳನ್ನು ತೆಗೆಯದೆ ಪರೀಕ್ಷೆಯ ಹೊಸ ತಂತ್ರಾಂಶಕ್ಕೆ ಜಾಗವಿರಲಿಲ್ಲ. ಹೊನವಾಡದಲ್ಲಿ, ಕರೆದರೆ ತಿರುಗದ ಕಾರಣಕ್ಕೆ ದಡ್ಡಿಯೆನಿಸಿಕೊಂಡು ಹಿಂದಿನ ಸಾಲಿಗೆ ಹೋದ ಮಿನಾಜ ಎಂಬ ಹುಡುಗಿಯ ಹೆಸರು ನಾಳಿನ ಪಟ್ಟಿಯ ಮೊದಲಿಗಿತ್ತು. ಮುಂದಿನ ಶಿಬಿರ ಬರುವ ವರ್ಷಕ್ಕೆ.

“ಏನ ತಗ್ಯಾಕತ್ತೀ?” ಗೊಲ್ಲಾಳಪ್ಪ ಕೇಳಿದ.

“ಮಸಕ ಕಾಣ್ತಾವಲ್ಲ ಈ ಹೆಸರು, ಇವನ್ನ. ಇವಕ್ಕ ಯಾವ ಮಶೀನೂ ಹಚ್ಚಿಲ್ಲ. ಸುಮ್ನ ಬಿದ್ದಾವ.”

“ಮೊದಲ ಟೇಕಾ ಕೊಟ್ಟೀಯೇನು?”

“ಕಂಪ್ಯೂಟರಿಗೆಲ್ಲಿ ಟೇಕಾ ಕೊಡ್ಲೋ ಮುತ್ಯಾ! ಕಟಗಿ ತರ್ತೀಯೇನು?”

“ನಗಬ್ಯಾಡ. ನಿನ್ನ ಕಿವಿ ನೋಡೋ ಮಶೀನ ಎಲ್ಲೈತಿ?”

“ಪೆಟಗ್ಯಾಗ ಐತಿ. ಕ್ಯಾಂಪ್ ಇದ್ದಾಗಷ್ಟ ತಗದು ಹಚ್...”

ಅವಳು ಮಸುಕಾದ ಹೆಸರುಗಳನ್ನು ಮೇಲಿನಿಂದ ಮತ್ತೆ ಓದಿದಳು. ನಾಲ್ಕನೆಯದು ಆ ಪರೀಕ್ಷಾ ಯಂತ್ರದ್ದೇ. ಯಂತ್ರದೊಡನೆ ಆ ಡ್ರೈವರ್ ಹೊತ್ತು ಬಂದ ಸೀಡಿ ಕಳೆದು ಎಷ್ಟೋ ವರ್ಷವಾಗಿತ್ತು. ಅದನ್ನು ಮಾಡಿದ ಕಂಪನಿಯೂ ಈಗ ಇರಲಿಲ್ಲ. ದಾನೇಶ್ವರಿ ಮೌಸಿನಿಂದ ಕೈ ತೆಗೆದು, ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಬಳಿಕ ಕೆಲಸ ಗೌಂಡಿಯ ಕ್ರಮದಲ್ಲಿ ನಡೆಯಿತು. ಇದ್ದ ಡ್ರೈವರ್‌ಗಳೆಲ್ಲದರ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಯಿತು. “ಇದ ನೋಡ ಟೇಕಾ,” ಎಂದು ಅವಳು ತೋರಿಸಿದಳು. ಬಳಿಕ ಒಂದನ್ನು ತೆಗೆಯುವುದು, ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚುವುದು, ಎಲ್ಲವೂ ನೆಟ್ಟಗಿದೆಯೆಂದು ಕಂಡ ಮೇಲೆ ಮುಂದಿನದು. ಮಧ್ಯಾಹ್ನದ ರೊಟ್ಟಿ ತಣ್ಣಗಾಯಿತು. ಇಳಿಹೊತ್ತಿಗೆ ಹನ್ನೊಂದು ಹೋಗಿದ್ದವು, ಹೊಸ ತಂತ್ರಾಂಶ ಕೂತಿತ್ತು, ನಾಲ್ಕನೆಯದು ತನ್ನ ಸ್ಥಳದಲ್ಲಿತ್ತು.

ಪೆಟ್ಟಿಗೆಯಿಂದ ಯಂತ್ರವನ್ನು ತೆಗೆದು ಕೇಬಲ್ ಚುಚ್ಚಿದೊಡನೆ ಆ ಮಸುಕು ಹೆಸರು ಸ್ಪಷ್ಟವಾಯಿತು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಮುತ್ಯಾನ ರುಮಾಲನ್ನು ಬಿಚ್ಚಿಸಿ ಹೆಡ್‌ಫೋನನ್ನು ಅವನ ಕಿವಿಗೇರಿಸಿದಳು.

“ಸಪ್ಪಳ ಕೇಳಿಸಿದ್ರ ಬೆರಳ ಎತ್ತು. ಸುಳ್ಳ ಎತ್ತಬ್ಯಾಡ ಮತ್ತ.”

ಒತ್ತಿದಳು. ಮುದುಕ ಕಣ್ಣು ಮುಚ್ಚಿ ಕುಳಿತೇ ಇದ್ದ. ಸದ್ದನ್ನು ಒಂದಿಷ್ಟು ಏರಿಸಿ ಇನ್ನೊಮ್ಮೆ ಒತ್ತಿದಳು. ಏನೂ ಇಲ್ಲ. ಕೇಬಲನ್ನು ಇನ್ನಷ್ಟು ಬಿಗಿಯಾಗಿ ಒತ್ತಿ, ಸದ್ದನ್ನು ಮತ್ತೂ ಏರಿಸಿದಳು. ಮೂರನೆಯ ಸಲಕ್ಕೆ, ಸುಣ್ಣಕ್ಕೆ ಸವೆದು ಸೀಳಿದ ಗೊಲ್ಲಾಳಪ್ಪನ ತೋರುಬೆರಳು ಮೆಲ್ಲಗೆ ಮೇಲೆದ್ದಿತು.

ದಾನೇಶ್ವರಿ ಗೋಡೆಗೊರಗಿ, ಮುಂಜಾನೆಯಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು. ಆ ಬೆರಳು ಇನ್ನೂ ಕೆಳಗಿಳಿದಿರಲಿಲ್ಲ. ಅದರ ದಪ್ಪವನ್ನು ಅಳೆಯುವವಳಂತೆ ನೋಡುತ್ತಾ, ಅವನ ಒಂದು ಕಿವಿಯ ಹೆಡ್‌ಫೋನನ್ನು ಸರಿಸಿದಳು.

“ಮುತ್ಯಾ, ಆ ಕಂಬದ ಕಥಿ ಹೇಳ ನೋಡೂಣು.”

“ನೂರ ಸಲ ಕೇಳೀಯಲ್ಲ ಬೇ?”

“ನೂರ ಸಲಾನೂ ಅರ್ಧಾನ ಕೇಳೇನಿ. ಇವತ್ತ ಮೊದಲಿಂದ ಹೇಳು.”