ಹನ್ನೆರಡು ಸ್ಕ್ರೂಗಳ ಶೆಲ್ಫು

ಮೇಸ್ತ್ರಿ ಎರಡನೆಯ ಸಲ ಶೆಲ್ಫನ್ನು ಗೋಡೆಯಿಂದ ಬಿಚ್ಚಿ ನೆಲಕ್ಕಿಟ್ಟಾಗ ಅವನ ಹೆಂಡತಿ ಒಲೆ ಆರಿಸಿ ಸೌಟು ಕೆಳಗಿಟ್ಟಳು.

"ಮತ್ತೇನಾಯ್ತು ರೀ?"

"ಅಲ್ಲಾಡ್ತಿದೆ."

"ಎಲ್ಲಿ ಅಲ್ಲಾಡ್ತಿದೆ? ನಾನೇ ಹಿಡಿದು ಜಗ್ಗಿ ನೋಡಿದೆನಲ್ಲ. ಮೊದಲು ನಾಲ್ಕು ಸ್ಕ್ರೂ ಹಾಕಿದ್ರಿ, ಆಮೇಲೆ ಎಂಟು. ಇದರ ಮೇಲೆ ನಾನು ಜೀರಿಗೆ ಇಡ್ತೀನಾ, ಆನೆ ಕೂರಿಸ್ತೀನಾ?"

"ಹನ್ನೆರಡು ಹಾಕಿದ್ರೆ ಸರಿಹೋಗುತ್ತೆ." ಅವನು ನಗಲಿಲ್ಲ. ರಸಮಟ್ಟವನ್ನು ಗೋಡೆಗೆ ಒತ್ತಿ, ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಲ್ಲುವ ತನಕ ಉಸಿರು ಬಿಗಿಹಿಡಿದ. ಗುಳ್ಳೆ ನಿಂತಿತು. ಅವನ ಕಾಲು ನಿಲ್ಲಲಿಲ್ಲ. ಹೊರಗಿನ ಕೋಣೆಗೆ ಹೋದ, ಕಿಟಕಿಯಿಂದ ಬಗ್ಗಿ ಬೀದಿ ನೋಡಿದ, ತಿರುಗಿ ಬಂದು ಡ್ರಿಲ್ಲಿಂಗ್ ಮೆಷಿನ್ ಎತ್ತಿಕೊಂಡ.

ಈ ಶೆಲ್ಫಿಗಾಗಿ ಅವಳು ನಾಲ್ಕು ವರ್ಷ ಕೇಳಿ ಕೇಳಿ ಸುಸ್ತಾಗಿದ್ದಳು. ಮಸಾಲೆ ಡಬ್ಬಿಗಳೆಲ್ಲ ಕೆಳಗಿನ ಕಪಾಟಿನಲ್ಲಿ. ಯಾವುದು ಬೇಕೋ ಅದು ಯಾವಾಗಲೂ ಹಿಂದಿನ ಸಾಲಿನಲ್ಲಿ. ಮಂಡಿಯೂರಿ ತಡಕಾಡಬೇಕು. ಈಗ ಅವನಿಗೆ ಬಿಡುವೋ ಬಿಡುವು. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರು ಹತ್ತಿ ನಿಲ್ಲಲು ಕಬ್ಬಿಣದ ಸಾರವೆ ಕಟ್ಟುವುದು ಅವನ ಕೆಲಸ. ಹದಿನೆಂಟು ದಿನದ ಹಿಂದೆ ಅವನು ಕಟ್ಟಿದ ಸಾರವೆಯಿಂದ ಪೇಂಟರ್ ಒಬ್ಬ ಬಿದ್ದು ಸೊಂಟ ಮುರಿದುಕೊಂಡಿದ್ದ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲೇ ಇರು ಎಂದಿದ್ದರು ಕಂಪನಿಯವರು. ಅಂದಿನಿಂದ ಮೇಸ್ತ್ರಿ ಪ್ರತಿದಿನ ಬೆಳಿಗ್ಗೆ ಆಸ್ಪತ್ರೆಗೆಂದು ಬೂಟು ಹಾಕಿಕೊಂಡು ಹೊರಡುತ್ತಿದ್ದ. ಬೀದಿಯ ತಿರುವಿನಿಂದಲೇ ಹಿಂದಿರುಗುತ್ತಿದ್ದ. ಮೂರು ದಿನದಿಂದ ಬಂದವನೇ ಗೋಡೆ ಕೊರೆಯಲು ನಿಲ್ಲುತ್ತಿದ್ದ. ಡಬ್ಬಿಗಳು ಕುರ್ಚಿಯ ಮೇಲೆ, ಟಿವಿಯ ಪಕ್ಕ, ಮಂಚದ ಮೇಲೆ. ದಿಂಬಿಗೆಲ್ಲ ಲವಂಗದ ವಾಸನೆ ಹತ್ತಿತ್ತು.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಪೇಂಟರನ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಆಸ್ಪತ್ರೆಗೆ ಒಯ್ಯುವ ಊಟದ ಕ್ಯಾರಿಯರ್, ಇನ್ನೊಂದರಲ್ಲಿ ಮಡಿಸಿದ ಕಾಗದ.

"ಬಾರಮ್ಮ, ಒಳಗೆ ಬಾ. ಕಾಲಿಡೋಕೂ ಜಾಗ ಇಲ್ಲ ನೋಡು," ಎನ್ನುತ್ತ ಮನೆಯಾಕೆ ಕುರ್ಚಿಯ ಮೇಲಿದ್ದ ಮೆಣಸಿನ ಡಬ್ಬಿಗಳನ್ನು ಸರಿಸಿದಳು.

"ಕೂರೋಕೆ ಪುರುಸೊತ್ತಿಲ್ಲ ಅಕ್ಕಾ." ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಅಣ್ಣಾ, ಇದಕ್ಕೆ ನಿಮ್ಮದೊಂದು ಸೈನ್ ಬೇಕಂತೆ. ಆಫೀಸಿನವರು ಆಸ್ಪತ್ರೆಗೇ ಬಂದು ಬರೆಸಿಕೊಂಡ್ರು. ಸಾರವೆದೇನೂ ತಪ್ಪಿಲ್ಲ, ನಾನೇ ಕಾಲು ಜಾರಿ ಬಿದ್ದೆ ಅಂತ ಇವರು ಹೇಳಿಬಿಟ್ಟಿದ್ದಾರೆ. ಕೆಳಗೆ ಸಾಕ್ಷಿ ಅಂತ ಇದೆಯಲ್ಲ, ಅಲ್ಲಿ ಹಾಕಿ."

"ಹೀಗೆ ಬರೆದುಕೊಟ್ರೆ ಅವನನ್ನ ವಾಪಸ್ ಕೆಲಸಕ್ಕೆ ತಗೋತಾರಾ?" ಮೇಸ್ತ್ರಿ ಕೇಳಿದ.

"ತಾನೇ ನೋಡದೆ ಬಿದ್ದ ಅಂತ ಹೆಸರು ಬಂದವನನ್ನ ಯಾರು ಮೇಲೆ ಹತ್ತಿಸ್ತಾರೆ, ಅಣ್ಣಾ? ಬಿಡಿ. ಇಬ್ಬರಲ್ಲಿ ಒಬ್ಬರದಾದ್ರೂ ಕೆಲಸ ಉಳೀಲಿ ಅಂದ್ರು ಇವರು."

ಮೇಸ್ತ್ರಿಯ ಹೆಂಡತಿ ಹದಿನೆಂಟು ದಿನದ ಉಸಿರನ್ನು ಒಂದೇ ಸಲಕ್ಕೆ ಬಿಟ್ಟಳು. "ಹಾಕಿಬಿಡಿ ರೀ," ಎಂದಳು ಮೆಲ್ಲಗೆ. "ಇವತ್ತಿಗೆ ಇದು ಮುಗೀಲಿ."

ಅವನು ಕಾಗದ ಇಸಿದುಕೊಂಡು ಓದಿದ. ಹಿಂದಕ್ಕೆ ಕೊಟ್ಟ. ಮತ್ತೆ ಇಸಿದುಕೊಂಡ. ಅವನ ಬೆರಳಿಗೆ ಮೆತ್ತಿದ್ದ ಗೋಡೆಯ ಪುಡಿ ಅಕ್ಷರಗಳ ಮೇಲೆ ಉದುರಿತು.

"ನಾಲ್ಕನೇ ಮಹಡಿ ಮೂಲೇಲಿ ಒಂದು ಬೋಲ್ಟು," ಎಂದ. ಯಾರ ಮುಖವನ್ನೂ ನೋಡಲಿಲ್ಲ. "ಬರೀ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದೆ. ಊಟ ಮುಗಿಸಿ ಬಂದು ಸ್ಪ್ಯಾನರ್ ಹಾಕೋಣ ಅಂತ. ಬಂದೆ, ಇನ್ಯಾರೋ ಕರೆದ್ರು, ಹೋದೆ. ಅವನು ಜಾರಿಲ್ಲಮ್ಮ. ಜಾರಿದ್ದು ಕಂಬಿ."

"ರೀ!" ಎಂದಳು ಹೆಂಡತಿ. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

ಬೈಗುಳಕ್ಕೆ ಕಾದವನಂತೆ ಮೇಸ್ತ್ರಿ ತಲೆ ತಗ್ಗಿಸಿ ನಿಂತ. ಪೇಂಟರನ ಹೆಂಡತಿ ಒಂದೆರಡು ಏಟು ಹಾಕಿದ್ದರೂ ಅವನಿಗೆ ಹಗುರವಾಗುತ್ತಿತ್ತೇನೋ. ಅವಳು ಕ್ಯಾರಿಯರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು, ಅಷ್ಟೇ.

"ಗೊತ್ತು," ಎಂದಳು. "ಹತ್ತುವಾಗಲೇ ಅಲುಗಾಡ್ತಿತ್ತಂತೆ. ಜೊತೆಯವನು ಬೇಡ ಕಣೋ, ಇಳಿ ಅಂದನಂತೆ. ಮೇಸ್ತ್ರಿ ಕಟ್ಟಿದ್ದು, ಏನೂ ಆಗಲ್ಲ ಅಂತ ಇವರು ಹತ್ತಿಬಿಟ್ರು."

ಮೇಸ್ತ್ರಿ ನೆಲದಲ್ಲಿ ಬಿದ್ದಿದ್ದ ಶೆಲ್ಫಿನ ಮುಂದೆ ಕುಳಿತು, ಹಲಗೆಯ ಮೇಲೆ ಕಾಗದ ಹರಡಿದ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಬರೆದಿದ್ದ ಮೊದಲ ಸಾಲನ್ನು ಹೊಡೆದುಹಾಕಿದ. ಗೆರೆ ಸೊಟ್ಟಗಾಯಿತು. ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯತೊಡಗಿದ: ಬೋಲ್ಟು ಬಿಗಿ ಮಾಡದೆ ಬಿಟ್ಟವನು ನಾನು.

ನಾಳೆಯಿಂದ ಏನು ಗತಿ ಎಂಬುದು ಮೇಸ್ತ್ರಿಯ ಹೆಂಡತಿಗೆ ಹೊಳೆಯಲಿಲ್ಲ. ಆದರೂ ಅವಳು ಒಳಗೆ ಹೋಗಿ, ಮೇಜಿನ ಡ್ರಾಯರಿನಲ್ಲಿ ಗಡಗಡ ಹುಡುಕಾಡಿ ಬಂದು, ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಪೆನ್ಸಿಲಲ್ಲಿ ಬೇಡ ರೀ," ಎಂದಳು. "ಅಳಿಸಿಬಿಡ್ತಾರೆ. ತಗೊಳ್ಳಿ, ಪೆನ್ನು."