ಹುರಿದ ಮಣ್ಣು

ಈ ಕಥೆಯನ್ನು ಮೊದಲು ಹೇಳಿದವಳು ದರ್ಜಿಯ ಅಕ್ಕ. ಹೇಳಿದ್ದು ಹೋದ ವರ್ಷ ಬಿತ್ತನೆಯ ಹೊತ್ತಿಗೆ, ನೆರೆಯವರೊಡನೆ ಅಂಗಳದಲ್ಲಿ ಕುಂಡಗಳಿಗೆ ಮಣ್ಣು ತುಂಬುತ್ತಿದ್ದಾಗ.

ಅವಳು ಹೇಳಿದ್ದು ಒಂದು ಮನೆಯ ಅತ್ತೆ ಸೊಸೆಯರ ಕಥೆ. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಶಸ್ತ್ರಕ್ರಿಯೆಯ ಕತ್ತರಿ, ಚಿಮುಟಗಳನ್ನು ಕುದಿಸಿ ಕುದಿಸಿ, ಕುದಿಯದ್ದೆಲ್ಲ ಅವಳ ಕಣ್ಣಿಗೆ ಕೊಳಕಾಗಿಯೇ ಕಾಣುತ್ತಿತ್ತು. ಅತ್ತೆ ತವರಿನಿಂದ ತಂದು ವರ್ಷವರ್ಷವೂ ಬಿತ್ತಿ ಉಳಿಸಿಕೊಂಡು ಬಂದಿದ್ದ ಚುಕ್ಕೆ ಅಲಸಂದೆಯ ಬೀಜ ಆ ಸಲ ಹುಳ ಹಿಡಿದು ಒಂದು ಹಿಡಿಗೆ ಇಳಿದಿತ್ತು. "ಈ ಸಲ ಒಂದು ಹುಳಾನೂ ಹತ್ತಿರ ಸುಳಿಯಲ್ಲ, ನೋಡಿ ಅತ್ತೆ" ಎಂದ ಸೊಸೆ ಕುಂಡದ ಮಣ್ಣನ್ನೆಲ್ಲ ದೊಡ್ಡ ಬಾಣಲೆಯಲ್ಲಿ ಹುರಿದು, ತಣಿಸಿ, ಬೀಜವಷ್ಟನ್ನೂ ಬಿತ್ತಿದಳು.

ಸಸಿಗಳು ಎದ್ದವು, ಎದ್ದಷ್ಟಕ್ಕೇ ನಿಂತವು. ಎಲೆಯೆಲ್ಲ ಹಳದಿ. ಬಿತ್ತುವಾಗ ಕೈಜಾರಿ ಗೋಡೆಯ ಬುಡಕ್ಕೆ ಬಿದ್ದ ಒಂದು ಕಾಳು ಮಾತ್ರ ಯಾರ ಹಂಗೂ ಇಲ್ಲದೆ ಕಿಟಕಿಯವರೆಗೆ ಹಬ್ಬಿ ಮೊಗ್ಗು ಬಿಟ್ಟಿತ್ತು.

"ಮಣ್ಣು ಹುರಿಯೋದನ್ನ ಎಲ್ಲೂ ಕಂಡಿರಲಿಲ್ಲ ತಾಯಿ. ಉಪ್ಪು ಖಾರಾನೂ ಹಾಕಿದ್ಯಾ?" ಎಂದಳು ಅತ್ತೆ.

ಸೊಸೆ ಕುಂಡದ ಒಂದು ಸಸಿಯನ್ನು ಕಿತ್ತಳು. ಬೇರು ತೊಳೆದಿಟ್ಟಂತೆ ಬೋಳು. ಗೋಡೆಯ ಬುಡವನ್ನು ಬೆರಳಿನಿಂದ ಕೆದಕಿ, ಅತ್ತೆಯ ಭೂತಗನ್ನಡಿ ಹಿಡಿದು ನೋಡಿದಳು. ಕೂದಲಿಗಿಂತ ನವಿರಾದ ಬಿಳಿಯ ಎಳೆಗಳು ಬೇರಿನಿಂದ ಹೊರಟು ಮಣ್ಣಿನ ಕಣಕಣವನ್ನೂ ತಬ್ಬಿದ್ದವು.

"ಇದೂ ಬೂಷ್ಟಿನ ಜಾತೀನೇ ಅತ್ತೆ, ಆದ್ರೆ ರೋಗದ್ದಲ್ಲ. ಬೇರು ಹೋಗಲಾರದ ಕಡೆ ಈ ಎಳೆ ಹೋಗಿ ಸಾರ ತಂದುಕೊಡುತ್ತೆ. ಬೇರು ಇದಕ್ಕೆ ಸಕ್ಕರೆ ಕೊಡುತ್ತೆ." ಅವಳ ದನಿ ಇಳಿಯಿತು. "ಹುಳದ ಜೊತೆ ಇವನ್ನೂ ಹುರಿದುಹಾಕಿದೆ."

"ನನ್ನನ್ನ ಬಿಟ್ಟಿದ್ದೀಯಲ್ಲ, ಅಷ್ಟೇ ಪುಣ್ಯ."

"ಈ ಬುಡದ ಮಣ್ಣು, ಒಂದಿಷ್ಟು ಬೇರಿನ ಸಮೇತ, ಕುಂಡಗಳಿಗೆ ಹಾಕಿದ್ರೆ ಅವು ಬದುಕಬಹುದು."

"ಈ ಬಳ್ಳಿ?"

"ಸಾಯಲೂಬಹುದು."

ಅತ್ತೆ ಮೊಗ್ಗುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ತಾನೇ ಬುಡಕ್ಕೆ ಬೆರಳಿಳಿಸಿದಳು. "ಒಂದನ್ನೇ ಕಾಯ್ತಾ ಕೂತ್ರೆ ಇಲಿ ಬಂದ ದಿನ ಅದೂ ಇಲ್ಲ. ಕುಂಡ ಹತ್ತಿರ ತಾ. ಅಯ್ಯೋ, ಕೈ ತೊಳೆಯೋಕೆ ಹೋಗಬೇಡ ಕಣೇ!"

ಬಳ್ಳಿ ಬಾಡಿತು, ಮೊಗ್ಗು ಉದುರಿಸಿತು, ಸಾಯಲಿಲ್ಲ. ಕುಂಡಗಳಲ್ಲಿ ಹಳದಿಯೊಳಗಿಂದ ಹಸಿರು ಮೆಲ್ಲಗೆ ಮೇಲೇರಿತು. ಕಣ್ಣಿಗೆ ಕಾಣದ ಆ ಕೆಲಸಗಾರರು ಒಂದು ತವರನ್ನೇ ಉಳಿಸಿಕೊಟ್ಟಿದ್ದರು. ಒಣಗಿದ ಮೊದಲ ಕಾಯಿಯನ್ನು ಅತ್ತೆ ಬಿಡಿಸದೆ ಸೊಸೆಯ ಅಂಗೈಗಿಟ್ಟಳು: "ಬೀಜ ನೀನೇ ಎತ್ತಿಡು."

ದರ್ಜಿಯ ಅಕ್ಕ ಅಲ್ಲಿಗೆ ನಿಲ್ಲಿಸಿದಳು. ಕೇಳುತ್ತಿದ್ದವರು ಮನೆಗೆ ಹೊರಡಲು ಎದ್ದರು. ಕೈಯ ಮಣ್ಣು ಕೊಡವಲು ಹೋದ ಒಬ್ಬಳು ತಡೆದು, ಅಂಗೈ ನೋಡಿಕೊಂಡು, ಮುಷ್ಟಿ ಮುಚ್ಚಿ ನಡೆದಳು.